ಕಿಟಕಿ ಮುಚ್ಚಿದ ಈಜುಕೊಳ

ನನ್ನ ಮಗಳು ಅನಘಾ ಮೊದಲು ಕೆಮ್ಮಿದ್ದು ಈಜುಕೊಳದಲ್ಲಿ. ನಾಲ್ಕನೇ ಲ್ಯಾಪ್ ಅರ್ಧಕ್ಕೆ ನಿಲ್ಲಿಸಿ, ಕಂಬಿ ಹಿಡಿದುಕೊಂಡು ಕೆಮ್ಮಿದಳು. ಹದಿನಾಲ್ಕು ವರ್ಷದ ಹುಡುಗಿ. ಜೆ.ಪಿ. ನಗರದ ಆ ಒಳಾಂಗಣ ಕೊಳದಲ್ಲಿ ಹೆಂಗಸರ ಬ್ಯಾಚಿಗೆ ನಾನು ಕೋಚ್. ಅವಳಿಗೂ ನಾನೇ.

"ನಾಟಕ ಸಾಕು. ಇನ್ನೆರಡು ಲ್ಯಾಪ್ ಹೊಡಿ" ಎಂದೆ.

ಹೊಡೆದಳು.

ಆಮೇಲೆ ಕೆಮ್ಮು ಮನೆಗೂ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಎದೆಯಲ್ಲಿ ಸಿಳ್ಳೆ. ಶುಂಠಿ ಕಷಾಯ ಕುಡಿಸಿದೆ. ರಸ್ತೆಯ ಧೂಳನ್ನು ಬೈದೆ. ರಾಜ್ಯಮಟ್ಟದ ಆಯ್ಕೆ ಹತ್ತಿರವಿದ್ದುದರಿಂದ ಪ್ರಾಕ್ಟೀಸ್ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಬೆಳಗ್ಗೆ ನೀರಿನಿಂದ ಮೇಲೆ ಬಂದವಳ ತುಟಿ ನೀಲಿಗಟ್ಟಿತ್ತು.

ಎಮರ್ಜೆನ್ಸಿ. ಆಕ್ಸಿಜನ್. ನೆಬ್ಯುಲೈಸರ್. ಕೆಲವು ದಿನಗಳ ನಂತರ, ಕೊಳವೆಯೊಳಗೆ ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ಮಾಡಿ, ಆಸ್ತಮಾ ಎಂದರು ಡಾಕ್ಟರ್.

"ಪೂಲಲ್ಲಿ ವಾಸನೆ ಜಾಸ್ತಿನಾ ಮೇಡಂ?"

"ಹೌದು ಡಾಕ್ಟ್ರೇ. ಕ್ಲೋರಿನ್ ಚೆನ್ನಾಗಿ ಹಾಕ್ತಾರೆ. ನೀರು ಕ್ಲೀನಾಗಿದೆ."

"ಅದು ಕ್ಲೀನ್ ವಾಸನೆ ಅಲ್ಲ. ಬೆವರು, ಮೂತ್ರ ಎಲ್ಲ ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತೆ. ಆ ಗ್ಯಾಸ್ ನೀರಿನ ಮೇಲೇ ನಿಂತಿರುತ್ತೆ, ಈಜೋ ಮಕ್ಕಳು ಅದನ್ನೇ ಎಳ್ಕೊಳ್ತಾರೆ. ಅಲ್ಲಿ ಕಿಟಕಿ ತೆಗೆದಿರ್ತೀರಾ?"

ಕಿಟಕಿ ಮುಚ್ಚಿಸಿದ್ದು ನಾನು.

ಎದುರು ಕಟ್ಟಡದ ಬಾಲ್ಕನಿಯಿಂದ ಯಾರಾದರೂ ನೋಡಿಯಾರೆಂದು ಹೆಂಗಸರು ನೀರಿಗಿಳಿಯಲು ಹಿಂಜರಿಯುತ್ತಿದ್ದರು. ಕಿಟಕಿ ಮುಚ್ಚಿಸಿ ಪರದೆ ಹಾಕಿಸಿದ ಮೇಲೆಯೇ ಬ್ಯಾಚು ತುಂಬಿದ್ದು. "ಮನೇಲೇ ಸ್ನಾನ, ಪೂಜೆ ಎಲ್ಲ ಆಯ್ತು ಮೇಡಂ" ಎನ್ನುತ್ತ, ತಲೆಗೆ ಎಣ್ಣೆ ಹಚ್ಚಿಕೊಂಡು, ನಡೆದು ಬೆವರಿ ಬಂದವರನ್ನು ಮತ್ತೆ ಶವರ್ ಕೆಳಗೆ ನಿಲ್ಲಿ ಎನ್ನಲು ನನಗೆ ಸಂಕೋಚ. ಎಲ್ಲರಿಗೂ ಗದರುವ ನನ್ನ ಬಾಯಿ ಅಲ್ಲಿ ಮಾತ್ರ ಕಟ್ಟಿಹೋಗುತ್ತಿತ್ತು. ಅವರನ್ನು ದೂರಿ ಏನು ಪ್ರಯೋಜನ? ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಕಲಿಸಿದ ನನಗೂ ಗೊತ್ತಿರಲಿಲ್ಲ, ಗೊತ್ತಿದೆ ಎಂಬ ಜಂಭ ಮಾತ್ರ ಇತ್ತು. ಆ ಜಂಭದಲ್ಲೇ ಕೆಮ್ಮುತ್ತಿದ್ದ ಮಗುವನ್ನು ಮತ್ತೆ ನೀರಿಗೆ ತಳ್ಳಿದೆ.

"ಒಳಗಿನ ಪೂಲ್ ಇನ್ನು ಬೇಡ" ಎಂದರು ಡಾಕ್ಟರ್. ಅನಘಾ ವಾರ್ಡಿನ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದಳು. ಏಳನೇ ವಯಸ್ಸಿನಿಂದ ಅವಳಿಗಿದ್ದದ್ದು ಈಜೊಂದೇ ಆಸೆ.

ಈಗ ನಾಲ್ಕು ತಿಂಗಳಾಗಿದೆ. ನಾನು ಕೆಲಸ ಬಿಟ್ಟಿದ್ದೇನೆ. ಅವಳಿಗೆ ದಿನಕ್ಕೆರಡು ಸಲ ಇನ್ಹೇಲರ್. ಆಯ್ಕೆ ಅವಳಿಲ್ಲದೆಯೇ ನಡೆದುಹೋಯಿತು.

ಮೊನ್ನೆ ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ: "ನನ್ನನ್ನ ಕ್ಷಮಿಸ್ತೀಯಾ ಕಂದಾ?"

ಓದುತ್ತಿದ್ದ ಪುಸ್ತಕ ಮುಚ್ಚಿಟ್ಟಳು.

"ಇನ್ನೂ ಆಗ್ತಿಲ್ಲಮ್ಮ. ಹಸಿವಾಗ್ತಿದೆ, ಬಡಿಸು."

ಬಡಿಸಿ ಎದುರು ಕುಳಿತೆ. ಒಂದು ಸಲವೂ ಕೆಮ್ಮದೆ ಸಾರನ್ನ ಮುಗಿಸಿದಳು. ಆಮೇಲೆ ನನ್ನ ಮುಖ ನೋಡದೆ, ಮೊಸರನ್ನಕ್ಕೆ ತಟ್ಟೆ ಮುಂದೆ ಸರಿಸಿದಳು. ಸದ್ಯಕ್ಕೆ ನನಗೆ ಅಷ್ಟು ಸಾಕು.