ಪಕ್ಕದ ಸೀಟು ಹಿಂದೆ ಸರಿದ ಮಧ್ಯಾಹ್ನ

ಸತ್ತವರು ಬಂದರು, ಕರೆದರು ಎಂಬ ಮಾತು ಶುರುವಾದರೆ ಮೆಲ್ಲಗೆ ಎದ್ದು ಹೋಗುವವನು ನಾನು. ಅದಕ್ಕೆ ನನ್ನ ಕೆಲಸವೂ ಒಂದು ಕಾರಣ. ಮನೆಗಳಿಗೆ ವಯರಿಂಗ್ ಮಾಡಿಸುವ ಕಂಟ್ರಾಕ್ಟರ್ ನಾನು. ತನ್ನಷ್ಟಕ್ಕೆ ಉರಿಯುವ ಬಲ್ಬು, ಯಾರೂ ಒತ್ತದೆ ಬಡಿದುಕೊಳ್ಳುವ ಕಾಲಿಂಗ್ ಬೆಲ್ ಎಂದು ದೂರು ಬಂದ ಕಡೆಗೆಲ್ಲ ಹೋಗಿದ್ದೇನೆ. ಒಂದು ಮನೆಯಲ್ಲಿ ಗೋಡೆಯೊಳಗೆ ನೀರು ಇಳಿದಿತ್ತು, ಇನ್ನೊಂದರಲ್ಲಿ ಸ್ವಿಚ್ಚಿನೊಳಗೆ ಹಲ್ಲಿ ಸತ್ತಿತ್ತು. ಕಾರಣ ಸಿಗದ ಮನೆ ಇರಲಿಲ್ಲ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ನನ್ನ ಅಕ್ಕ ಸರಸ ನರ್ಸ್ ಆಗಿದ್ದಳು. ಮದುವೆಯಾಗಿರಲಿಲ್ಲ. ವಿದ್ಯಾನಗರದ ನಮ್ಮ ಮನೆಯಲ್ಲಿ ನಮ್ಮೊಟ್ಟಿಗೇ ಇದ್ದಳು. ವರ್ಷಗಟ್ಟಲೆ ವಾರ್ಡುಗಳಲ್ಲಿ ನಿಂತು ಓಡಾಡಿ ಅವಳ ಎರಡೂ ಮಂಡಿ ಸವೆದಿದ್ದವು. ಕಾರು ಹತ್ತುವುದೆಂದರೆ ಅವಳಿಗೆ ದೊಡ್ಡ ಕಷ್ಟ. ನನ್ನ ಹಳೆಯ ಕಾರನ್ನು ಕೊಟ್ಟು ಬೇರೊಂದನ್ನು ಕೊಳ್ಳುವಾಗ ನಾನು ಅದನ್ನೇ ಮುಖ್ಯವಾಗಿ ನೋಡಿದೆ. ಸಿಕ್ಕಿದ ಕಾರಿನಲ್ಲಿ ಮುಂದಿನ ಎಡಗಡೆಯ ಬಾಗಿಲು ತೆರೆದ ಕೂಡಲೇ ಸೀಟು ತಾನಾಗಿ ಹಿಂದೆ ಸರಿದು ಸ್ವಲ್ಪ ತಗ್ಗುತ್ತಿತ್ತು. ಕೂತು ಬಾಗಿಲು ಹಾಕಿದ ಮೇಲೆ ನಿಧಾನವಾಗಿ ಮೊದಲಿನ ಜಾಗಕ್ಕೆ ಬರುತ್ತಿತ್ತು. ಇಳಿಯುವಾಗಲೂ ಹಾಗೆಯೇ.

ಅಕ್ಕನಿಗೆ ಅದು ಬಹಳ ಹಿಡಿಸಿತು. "ಇದಕ್ಕೆ ಮರ್ಯಾದೆ ಗೊತ್ತುಂಟು ಮಾರಾಯ. ನಾನು ಬರುವಾಗ ಹಿಂದೆ ಸರಿದು ಜಾಗ ಕೊಡ್ತದೆ. ನಮ್ಮ ಬಸ್ಸಿನ ಗಂಡಸರಿಗೆ ಇದನ್ನೊಮ್ಮೆ ತೋರಿಸಬೇಕು" ಎಂದಿದ್ದಳು.

ಅವಳಿಗೆ ಒಬ್ಬಳೇ ಗೆಳತಿ, ನಫೀಸಾ. ಒಂದೇ ಆಸ್ಪತ್ರೆಯಲ್ಲಿ ಒಟ್ಟಿಗೆ ಕೆಲಸ ಮಾಡಿದವರು. ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಉಂಡವರು. ನಫೀಸಕ್ಕನ ಮಗಳ ಮದುವೆಯ ಕಾಗದ ಆಸ್ಪತ್ರೆಯವರಿಗೆಲ್ಲ ಕೊಟ್ಟ ಕಟ್ಟಿನೊಟ್ಟಿಗೆ ಯಾರದೋ ಕೈಯಲ್ಲಿ ಬಂತು. ಅಕ್ಕ ಮದುವೆಗೆ ಹೋಗಲಿಲ್ಲ. "ಮನೆಗೆ ಬಂದು ಕರೆಯಲಿಕ್ಕೆ ಅವಳಿಗೆ ಎಂತ ಆಗಿತ್ತು?" ಎಂದು ಒಮ್ಮೆ ಕೇಳಿದಳು, ಮತ್ತೆ ಆ ಹೆಸರನ್ನೇ ಎತ್ತಲಿಲ್ಲ. ಆ ಕಡೆಯಿಂದಲೂ ಫೋನು ಬರಲಿಲ್ಲ. ಹೀಗೆಯೇ ವರ್ಷಗಳು ಹೋದವು. ನಫೀಸಕ್ಕ ನಿವೃತ್ತಿಯಾದ ಮೇಲೆ ಮಂಜೇಶ್ವರದಲ್ಲಿ ಹೊಸ ಮನೆ ಕಟ್ಟಿದ್ದಾರೆ, ಹೆಚ್ಚಾಗಿ ದುಬಾಯಿಯಲ್ಲಿ ಮಗಳ ಹತ್ತಿರ ಇರುತ್ತಾರೆ ಎಂದು ಯಾರೋ ಹೇಳಿದ್ದರು. ಮನೆ ಎಲ್ಲಿ ಎಂದು ನನಗೂ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ.

ಒಂದು ಮಳೆಗಾಲದ ಕೊನೆಗೆ ಅಕ್ಕ ತೀರಿಹೋದಳು. ಜ್ವರ ಬಂತು, ನ್ಯುಮೋನಿಯಾಕ್ಕೆ ತಿರುಗಿತು, ಅಷ್ಟೆ.

ಉತ್ತರಕ್ರಿಯೆ ಮುಗಿದು ಕೆಲವು ವಾರಗಳಾಗಿದ್ದವು. ಒಂದು ಗಂಟೆಯ ದಾರಿಯಲ್ಲಿರುವ ಮಂಜೇಶ್ವರದಲ್ಲಿ ಹೊಸ ಮನೆಯೊಂದರ ವಯರಿಂಗ್ ನೋಡಿಬರಲು ಮಧ್ಯಾಹ್ನ ಊಟ ಮಾಡಿ ಹೊರಟೆ. ಸಾಮಾನಿನ ಚೀಲ ಡಿಕ್ಕಿಯಲ್ಲಿತ್ತು. ಕಾರು ಸ್ಟಾರ್ಟ್ ಮಾಡಿದೆ. ಪಕ್ಕದ ಸೀಟು ಹಿಂದೆ ಸರಿಯಿತು.

ಬಾಗಿಲು ಮುಚ್ಚಿಯೇ ಇತ್ತು. ಸೀಟು ಪೂರ್ತಿ ಹಿಂದೆ ಹೋಗಿ ತಗ್ಗಿ ನಿಂತಿತು. ನಾನು ನೋಡುತ್ತ ಕೂತೆ. ಮಂಡಿನೋವಿನವರು ಒಂದು ಕಾಲು ಒಳಗಿಟ್ಟು, ಉಸಿರು ತೆಗೆದುಕೊಂಡು, ಇನ್ನೊಂದನ್ನು ಕೈಯಿಂದ ಎತ್ತಿ ಇಡುವಷ್ಟು ಹೊತ್ತು ಅದು ಹಾಗೇ ಇತ್ತು. ಮತ್ತೆ ಮೋಟರಿನ ಸಣ್ಣ ಸದ್ದಿನೊಂದಿಗೆ ಮುಂದೆ ಬಂತು.

ಬಾಗಿಲಿನ ಸ್ವಿಚ್ಚಿಗೆ ನೀರು ಹೋಗಿರಬೇಕು ಎಂದುಕೊಂಡೆ. ನಿಜ ಹೇಳುತ್ತೇನೆ, ಆಗ ನನಗೆ ಬೇರೇನೂ ಹೊಳೆಯಲಿಲ್ಲ. ಗೇಟು ದಾಟಿ ರಸ್ತೆಗೆ ಬಂದಾಗ ಬೀಪ್ ಬೀಪ್ ಎಂದು ಶುರುವಾಯಿತು. ಪಕ್ಕದಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಬರುವ ಶಬ್ದ. ಸೀಟಿನ ಮೇಲೆ ಭಾರವಿದ್ದರೆ ಮಾತ್ರ ಬರುವುದು. ಕೈಯಿಂದ ತಡವಿ ನೋಡಿದೆ. ಖಾಲಿ ಸೀಟು.

ಹೆದ್ದಾರಿಯ ಕೆಲಸ ನಡೆಯುತ್ತಿದ್ದ ಕಾಲ. ಸರ್ವಿಸ್ ರೋಡಿನಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಹೋಗಬೇಕು. ಕುಂಬಳೆ ದಾಟುವವರೆಗೆ ಆ ಶಬ್ದ ಬಿಡದೆ ತಲೆ ತಿಂದಿತು. ಕೊನೆಗೆ ಬದಿಗೆ ನಿಲ್ಲಿಸಿ, ಬೆಲ್ಟನ್ನು ಎಳೆದು ಖಾಲಿ ಸೀಟಿನ ಮೇಲಿಂದ ತಂದು ಸಿಕ್ಕಿಸಿದೆ. ಶಬ್ದ ನಿಂತಿತು. ಅಕ್ಕನಿಗೂ ನಾನೇ ಹೀಗೆ ಬೆಲ್ಟ್ ಹಾಕಿಕೊಡುತ್ತಿದ್ದೆ ಎಂಬುದು ಆಗ ನೆನಪಾಯಿತು. ಉಪ್ಪಳದವರೆಗೆ ನಾನು ಎಡಕ್ಕೆ ನೋಡಲಿಲ್ಲ. ಹೆದರಿಕೆಯಾಯಿತೇ ಎಂದು ಕೇಳಿದರೆ, ಇಲ್ಲ. ರೇಡಿಯೋ ಹಾಕಲು ಮಾತ್ರ ಮನಸ್ಸಾಗಲಿಲ್ಲ.

ಮಂಜೇಶ್ವರ ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿ ಒಂದು ಲಾರಿ ಕೆಂಪುಕಲ್ಲು ಇಳಿಸುತ್ತ ದಾರಿಗೆ ಅಡ್ಡ ನಿಂತಿತ್ತು. ನಾನು ಹೋಗಬೇಕಾದ ಮನೆ ಅದರಾಚೆಗೆ. ಒಂದು ಗೇಟಿನ ಎದುರು ಕಾರು ನಿಲ್ಲಿಸಿ ಕಾಯುತ್ತಿದ್ದೆ. ಎಂಜಿನ್ ಓಡುತ್ತಲೇ ಇತ್ತು. ಪಕ್ಕದ ಸೀಟು ಮತ್ತೆ ಹಿಂದೆ ಸರಿದು ತಗ್ಗಿತು. ಈ ಸಲ ಮುಂದೆ ಬರಲಿಲ್ಲ.

ಗೇಟಿನೊಳಗಿಂದ ತಲೆಗೆ ಬಟ್ಟೆ ಹಾಕಿದ ಹೆಂಗಸೊಬ್ಬರು ಬಂದರು. ದಾರಿ ಬಿಡಲು ಹೇಳುತ್ತಾರೆಂದು ನಾನು ಗ್ಲಾಸು ಇಳಿಸಿದೆ. ಅವರು ನನ್ನ ಮುಖವನ್ನೇ ನೋಡಿದರು.

"ನೀನು ಸರಸಕ್ಕನ ತಮ್ಮ ಅಲ್ವಾ?"

ನಫೀಸಕ್ಕ. ಬಹಳ ಬಡವಾಗಿದ್ದರು, ಸ್ವರ ಮಾತ್ರ ಹಾಗೆಯೇ ಇತ್ತು. ಅವರು ಬಗ್ಗಿ ಪಕ್ಕದ ಸೀಟನ್ನು ನೋಡಿದರು. ಹಾಕಿದ ಬೆಲ್ಟನ್ನೂ ನೋಡಿದರು.

"ಅಕ್ಕನನ್ನು ಕರಕೊಂಡು ಬಂದದ್ದಾ? ಎಲ್ಲಿ, ಇಳಿದ್ರಾ?"

ದುಬಾಯಿಯಿಂದ ಬಂದು ಎರಡು ದಿನವಾಗಿತ್ತಷ್ಟೆ. ಅವರಿಗೆ ಸುದ್ದಿಯೇ ಗೊತ್ತಿರಲಿಲ್ಲ. ನಾನು ಎಂಜಿನ್ ಆಫ್ ಮಾಡಿ, ಇಳಿದು, ಗೇಟಿನ ಹತ್ತಿರ ನಿಂತು ಹೇಳಿದೆ. ಅವರು ಗೇಟಿನ ಸರಳು ಹಿಡಿದುಕೊಂಡರು. ಅತ್ತದ್ದು ಆಮೇಲೆ, ಒಳಗೆ ಚಾ ತಂದಿಟ್ಟ ಮೇಲೆ.

"ಮದುವೆಗೆ ಮನೆಯವರನ್ನೇ ಕರೆಯಲಿಕ್ಕುಂಟಾ? ಸರಸಕ್ಕ ಮೊದಲೇ ಬಂದು ನಿಲ್ತಾರೆ ಅಂತ ನಾನು ಧೈರ್ಯದಲ್ಲಿದ್ದೆ. ಮದುಮಗಳ ಕೋಣೆಯಲ್ಲಿ ಅವರಿಗೆ ಕುರ್ಚಿ ಇಡಿಸಿದ್ದೆ. ಬರಲಿಲ್ಲ ಅಂತ ನಾನೂ ಸಿಟ್ಟು ಮಾಡಿಕೊಂಡೆ. ಇಬ್ಬರಿಗೂ ಬುದ್ಧಿ ಇರಲಿಲ್ಲ ನೋಡು."

ಅಕ್ಕ ಕೇಳಬೇಕಾಗಿದ್ದ ಮಾತು ಅದು. ನಾನು ಕೇಳಿಸಿಕೊಂಡೆ.

ಮರುದಿನ ಪರಿಚಯದ ವರ್ಕ್‌ಶಾಪಿಗೆ ಕಾರು ಕೊಟ್ಟೆ. ಅಲ್ಲಿಯವನು ಕಂಪ್ಯೂಟರ್ ಸಿಕ್ಕಿಸಿ ನೋಡಿದ, ಸೀಟಿನಡಿಯ ಕನೆಕ್ಟರುಗಳನ್ನು ಬಿಚ್ಚಿ ನನಗೇ ತೋರಿಸಿದ. ಒಣಗಿ ಚೊಕ್ಕವಾಗಿದ್ದವು. "ಎಂತ ಫಾಲ್ಟೂ ಇಲ್ಲ. ಬಾಗಿಲು ತೆಗೆಯದೆ ಇದು ಸರಿಯುವ ಕ್ರಮವೇ ಇಲ್ಲ" ಎಂದ. ಬಿಡಿಬಿಡಿಯಾಗಿ ನೋಡಿದರೆ ನಾನು ಒಂದೊಂದಕ್ಕೂ ಕಾರಣ ಹುಡುಕಬಲ್ಲೆ. ಸ್ವಿಚ್ಚು ತಪ್ಪು ಸೂಚನೆ ಕೊಟ್ಟಿರಬಹುದು, ಭಾರದ ಸೆನ್ಸರೂ ಅದೇ ದಿನ ಕೆಟ್ಟಿರಬಹುದು, ಓಣಿಯಲ್ಲಿ ಲಾರಿ ಅಡ್ಡ ನಿಂತದ್ದು ಆಕಸ್ಮಿಕ. ಆದರೆ ಅವೆಲ್ಲ ಆ ಒಂದು ಮಧ್ಯಾಹ್ನ, ಆ ಕ್ರಮದಲ್ಲಿ, ಆ ಗೇಟಿನವರೆಗೆ ಮಾತ್ರ ಯಾಕೆ ನಡೆದವು? ಅದಕ್ಕಿಂತ ಮೊದಲೂ ಇಲ್ಲ, ಈವರೆಗೆ ಮತ್ತೊಮ್ಮೆಯೂ ಇಲ್ಲ.

ವಯರಿಂಗ್ ಕೆಲಸ ಮುಗಿಯುವವರೆಗೆ ಹಲವು ಸಲ ಆ ಓಣಿಗೆ ಹೋದೆ. ಹೋದಾಗಲೆಲ್ಲ ನಫೀಸಕ್ಕ ಚಾ ಕುಡಿಸದೆ ಬಿಡುತ್ತಿರಲಿಲ್ಲ. ಒಂದು ದಿನ ಮನಸ್ಸು ತಡೆಯದೆ ಎಲ್ಲವನ್ನೂ ಹೇಳಿದೆ. ನಗುತ್ತಾರೆ, ಇಲ್ಲವೇ ಹೆದರುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ, ಹೆದರಲೂ ಇಲ್ಲ. ಇಷ್ಟೇ ಕೇಳಿದರು.

"ಆ ದಿನ ನೀನು ವಾಪಸು ಹೋಗುವಾಗ? ಆಗಲೂ ಸೀಟು ಸರಿಯಿತಾ?"

"ಇಲ್ಲ" ಎಂದೆ. "ವಾಪಸು ಹೋಗುವಾಗ ಏನೂ ಆಗಲಿಲ್ಲ."

ಅವರು ಹೌದು ಎನ್ನುವಂತೆ ತಲೆಯಾಡಿಸಿ, ಎದ್ದು ಒಳಗೆ ಹೋದರು. ಅಡುಗೆಕೋಣೆಯಲ್ಲಿ ಅವರು ಮೆಲ್ಲಗೆ ಏನೋ ಹೇಳುತ್ತಿರುವುದು ಕೇಳಿಸಿತು. ಆ ಮನೆಯಲ್ಲಿ ಅವರೊಬ್ಬರೇ ಇರುವುದು. ಯಾರೊಟ್ಟಿಗೆ ಮಾತಾಡಿದಿರಿ ಎಂದು ನಾನು ಕೇಳಲಿಲ್ಲ. ಇಷ್ಟು ಸಮಯವಾದರೂ ಕೇಳಿಲ್ಲ.