ಅಂಗಡಿ ಮುಂದೆ ಓಡಿಸಿದ ಅತ್ತೆ

ಇವತ್ತು ರಾಗಿ ಬೀಸಿಸಿಕೊಂಡು ಬಂದೆ. ಸಂಪು ತೊಳೆಸಿದೆ, ಹುಣಸೆಹಣ್ಣಿನ ಬೀಜ ಬಿಡಿಸಿದೆ. ಮಧ್ಯಾಹ್ನ ಅತ್ತೆಯ ಸೀರೆಗಳನ್ನು ಬಿಸಿಲಿಗೆ ಹರವಿದೆ. ಅವರು ಹೋಗಿ ತಿಂಗಳಾಗುತ್ತಾ ಬಂತು.

ಅತ್ತೆಯ ಬಲಗಾಲಿನ ಎರಡನೇ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿರುತ್ತಿತ್ತು. ಚಪ್ಪಲಿ ಒತ್ತುತ್ತದೆಂದು ನಾಗಮಂಗಲದ ಮದುವೆಗಳಿಗೂ ಬರಿಗಾಲಲ್ಲೇ ಬರುವರು. ಯಾರಾದರೂ ಕೇಳಿದರೆ, "ದೇವಲಾಪುರದ ಕಲ್ಲು ತುಳಿದ ಕಾಲು ಕಣವ್ವ, ಇದ್ಕೆ ಬೂಟು ಬೇರೆ ಕೇಡು" ಎನ್ನುವರು.

ನಾನು ಓಡಲು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ. ಸಕ್ಕರೆ ಕಾಯಿಲೆ ಬರುವ ಹಾಗಿದೆ, ನಡೆಯಿರಿ ಎಂದು ಡಾಕ್ಟರು ಹೇಳಿದ್ದು; ನಡಿಗೆ ಯಾವಾಗಲೋ ಓಟವಾಯಿತು. ಯಾರೂ ನೋಡಬಾರದೆಂದು ನಮ್ಮೂರು ಪಾಂಡವಪುರ ಏಳುವ ಮೊದಲೇ ಹೋಗಿ ಬಂದುಬಿಡುತ್ತಿದ್ದೆ. ನನ್ನದು ಚಪ್ಪಟೆ ಪಾದ, ಓಡುವಾಗ ಒಳಕ್ಕೆ ವಾಲುತ್ತದೆ. ಮಂಡಿ ಹಿಡಿದುಕೊಂಡಿತು. ಪಾದ ವಾಲದಂತೆ ಒಳಪಕ್ಕದಲ್ಲಿ ಗಟ್ಟಿ ಆಧಾರವಿರುವ ಶೂ ತೆಗೆದುಕೊಳ್ಳಿ, ಇಲ್ಲವೇ ಓಟ ಬಿಡಿ ಎಂದರು ಫಿಸಿಯೋಥೆರಪಿಯವರು. ಶ್ರೀರಂಗಪಟ್ಟಣದ ದೂರದ ರಸ್ತೆ ಓಟಕ್ಕೆ ಆಗಲೇ ಹೆಸರು ಕೊಟ್ಟಿದ್ದೆ.

ಅಲ್ಲಿನ ಸ್ಪೋರ್ಟ್ಸ್ ಅಂಗಡಿಗೆ ಶೂ ಕೊಳ್ಳಲು ಹೋದಾಗ ಅತ್ತೆಯೂ ಜೊತೆಗೆ ಬಂದರು. ಶೂ ಯಾರಿಗೆ ಎಂದು ಅಂಗಡಿಯವರು ಕೇಳಿದರು. "ನಮ್ಮ ಯಜಮಾನ್ರಿಗೆ" ಎಂದುಬಿಟ್ಟೆ.

"ಅವ್ರನ್ನೇ ಕರ್ಕೊಂಡು ಬನ್ನಿ ಮೇಡಂ. ಕಾಲು ನೋಡ್ದೆ ಇಂಥ ಶೂ ಕೊಡಕ್ಕಾಗಲ್ಲ."

"ನನ್ನ ಕಾಲಿನಷ್ಟೇ ಅವರದೂ."

"ಯಾಕಮ್ಮಿ ಸುಳ್ಳೇಳೀಯೆ?" ಎಂದರು ಅತ್ತೆ, ಅಂಗಡಿಗೆಲ್ಲ ಕೇಳುವಂತೆ. "ನನ್ ಮಗ ಬಸ್ಸು ಒಂಟೋದ್ರೂ ಓಡೋನಲ್ಲ. ಇವ್ಳಿಗೇ ಕಣಪ್ಪ ಬೂಟು. ದಿನಾ ಓಡ್ತಾಳೆ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು ಕೂತೆ. ಅತ್ತೆ ನೆಲದ ಮೇಲೆ ಕೂತು ನನ್ನ ಪಾದವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಕಾಲು ಅಪ್ಪಿತಪ್ಪಿ ಹಿರಿಯರಿಗೆ ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು.

"ಬುಡಿ ಅತ್ತೆ, ಪಾಪ ಬತ್ತದೆ."

"ಬಂದ್ರೆ ನಂಗ್ ಬರ್ಲಿ. ಚಾಚು ಕಾಲ."

ಶೂ ಹಾಕಿದ ಮೇಲೆ ಹೊರಗೆ ಓಡಿ ನೋಡಿ ಎಂದರು ಅಂಗಡಿಯವರು. ಎದುರಿಗೇ ಆಟೋ ನಿಲ್ದಾಣ. ನಿಂತಲ್ಲೇ ಪಾದ ಒಳಕ್ಕೆ ಕುಸಿಯುತ್ತಿತ್ತು. ಆದರೂ ಸರಿಯಾಗಿದೆ, ಕಟ್ಟಿಕೊಡಿ ಎಂದೆ.

"ಓಡ್ದೆ ಎಂಗಮ್ಮಿ ಸರಿಯಾಯ್ತು?" ಎನ್ನುತ್ತ ಅತ್ತೆ ಬೀದಿಗಿಳಿದೇ ಬಿಟ್ಟರು. "ವಸಿ ಜಾಗ ಬುಡ್ರಪ್ಪಾ, ನಮ್ ಸೊಸೆ ಓಡ್ಬೇಕು."

"ನೀನೂ ಓಡಜ್ಜಿ" ಎಂದ ಒಬ್ಬ ಆಟೋದವನು.

"ನಾ ಓಡುದ್ರೆ ನಿನ್ ಆಟೋ ಇಂದುಕ್ಕೆ ಬಿದ್ದೋಯ್ತದೆ ಕಣ್ಲಾ."

ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಮುಖ ಕೆಂಡವಾಗಿತ್ತು. ಒಂದು ಜೊತೆ ಮೆತ್ತಗೆ ಹತ್ತಿಯಂತಿತ್ತು, ಇನ್ನೊಂದು ಬೆರಳು ಒತ್ತಿತು. ಮತ್ತೊಂದನ್ನು ಹಾಕಿ ಓಡಿದಾಗ ಒಳಪಕ್ಕ ಯಾರೋ ಅಂಗೈ ಕೊಟ್ಟು ಹಿಡಿದಂತಾಯಿತು. ಮಂಡಿ ನೆಟ್ಟಗಿತ್ತು. ಸಾಕು ಎಂದು ಅಂಗಡಿಯವರು ಹೇಳಿದರೂ ಇನ್ನೊಂದು ಸಲ ಆ ತುದಿಯವರೆಗೆ ಹೋಗಿ ಬಂದೆ.

ಆಮೇಲೆ ಕೆಲವು ವಾರ ಮಾತ್ರ ಅವರಿದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಅಂದಿನಿಂದ ನಾನು ಶೂ ಮುಟ್ಟಿರಲಿಲ್ಲ. ಜನ ಏನಂದಾರು? ಓಟ ಬರುವ ಭಾನುವಾರ.

ಇವತ್ತು ಸಂಜೆ, ಇನ್ನೂ ಬೆಳಕಿರುವಾಗಲೇ, ಜಗುಲಿಯ ಮೇಲೆ ಕೂತು ದಾರ ಕಟ್ಟಿಕೊಂಡೆ. ನಲ್ಲಿಯ ಹತ್ತಿರವಿದ್ದ ಎದುರುಮನೆಯಾಕೆ, "ಅತ್ತೆ ಓಗಿ ತಿಂಗ್ಳಾಗಿಲ್ಲ, ಆಗ್ಲೇ ಓಟವಾ?" ಎಂದಳು. ತಲೆ ತಗ್ಗಿಸಿಕೊಂಡೇ ಓಡಿದೆ. ನಾಲೆ ದಾಟುವವರೆಗೂ ಕಿವಿ ಸುಡುತ್ತಿತ್ತು. ಪಾದ ಮಾತ್ರ ಎಲ್ಲೂ ವಾಲಲಿಲ್ಲ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಸಾರು. ಎರಡನೇ ಸಲ ಬಡಿಸಿಕೊಂಡೆ. ನಮ್ಮವರು ಟಿವಿ ಮುಂದಿದ್ದರು. ಮೊದಲು ನಿದ್ದೆ ಹೋದವಳು ನಾನು.