ಕಾಕಾನ ಅಗಲ ಹಳಿ

ಅಂದು ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ನಡೆದಿತ್ತು. ಹಾಲು ಕಾಯಿಸಿದೆ, ಮಂಡಕ್ಕಿ ನೆನೆಸಿ ಹಿಂಡಿ ಒಗ್ಗರಣೆಗೆ ಹಾಕಿದೆ, ಯಜಮಾನರ ಡಬ್ಬಿ ಕಟ್ಟಿದೆ. ಕೊನೆಗೆ ದೇವರ ಮುಂದಿನ ಕೆಂಡಕ್ಕೆ ಚಿಟಿಕೆ ಧೂಪ ಹಾಕಿದಾಗ ಹೊಗೆ ಎದ್ದಿತು. ಅಂಗಡಿಯವನು ಈ ಸಲ ಬೇರೆ ಧೂಪ ಕೊಟ್ಟಿದ್ದನೇನೋ, ರಾಳದ ಪಾಲು ಹೆಚ್ಚಿತ್ತು. ಬೆಸುಗೆ ಹಾಕುವಾಗ ಕಾದ ಕಬ್ಬಿಣದ ತುದಿಗೆ ರಾಳ ತಾಗಿ ಚುರ್ರೆಂದು ಏಳುವ ಹೊಗೆಗೂ ಇದೇ ವಾಸನೆ. ಮೂಗಿಗೆ ತಾಗಿದೊಡನೆ ಒಂದು ಇಡೀ ಮನೆಯನ್ನು ಕಣ್ಣ ಮುಂದೆ ತರುವ ವಾಸನೆ ನಿಮಗೂ ಒಂದಿರಬಹುದು. ನನಗೆ ಬಂದದ್ದು ಕೊಟ್ಟೂರಿನ ನಮ್ಮ ತವರಿನ ಹಿಂದಿನ ಖೋಲಿ. ಆ ದಿನ ನಾನು ಹೋಗಬೇಕಾಗಿದ್ದದ್ದೂ ಅಲ್ಲಿಗೇ. ಅಪ್ಪನ ತಮ್ಮ ಕೊಟ್ರಪ್ಪ ಕಾಕಾ ತೀರಿಕೊಂಡು ಹದಿನೈದು ದಿನವಾಗಿತ್ತು. ಮನೆಯನ್ನು ಬಾಡಿಗೆಗೆ ಕೊಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಕಾಕಾ ಜೀವಮಾನವಿಡೀ ಕಟ್ಟಿದ ಪುಟ್ಟ ರೈಲನ್ನು ಅವನ ಜೊತೆಗಾರರು ಬಂದು ಒಯ್ಯುವವರಿದ್ದರು.

ಕಾಕಾನದು ಮೋಟಾರು ವೈಂಡಿಂಗ್ ಅಂಗಡಿ. ಹಗಲೆಲ್ಲ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ. ಸಂಜೆ ಅದೇ ಕೈ ಎಣ್ಣೆ ಡಬ್ಬಿಯ ತಗಡನ್ನು ಬೋಗಿ ಮಾಡುತ್ತಿತ್ತು, ಹರಿದ ಕೊಡೆಯ ಕಡ್ಡಿಗಳನ್ನು ಹಳಿ ಮಾಡುತ್ತಿತ್ತು. ಬೋಗಿಯ ಕಿಟಕಿಗೆ ಅಡ್ಡ ಸರಳು ಕೂಡ ಇರುತ್ತಿತ್ತು, ಕೂದಲಿಗಿಂತ ತುಸು ದಪ್ಪ, ತಾಮ್ರದ್ದು. ಅದನ್ನು ಕೂರಿಸುವಾಗ ಕಾಕಾ ಉಸಿರು ಬಿಗಿಹಿಡಿಯುತ್ತಿದ್ದ, ನಾನೂ ಹಿಡಿಯುತ್ತಿದ್ದೆ. ಯಾರಾದರೂ ಬಂದವರು ಒಂದು ಬೋಗಿಯನ್ನು ಎರಡು ಸಲ ನೋಡಿದರೆ ಸಾಕು, ಅದನ್ನು ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ ಅವರ ಕೈಗಿಡುತ್ತಿದ್ದ. ಅವ್ವ ರೇಗುತ್ತಿದ್ದಳು. “ಒಂದು ಮಾಡೋದು, ಅದನ್ನೂ ಕೊಟ್ಟುಬಿಡೋದು. ನಿನ್ನ ರೈಲು ಎಂದರ ಪೂರಾ ಆಗ್ತೈತೇನೋ ಕೊಟ್ರಪ್ಪ?” ಕಾಕಾ ತಲೆ ಎತ್ತದೆ, “ಮಂದಿ ಮನ್ಯಾಗ ಓಡಿದ್ರೂ ಓಡಿದಂಗೇ ಅಲ್ಲೇನ್ ಅತ್ತಿಗಿ?” ಎನ್ನುತ್ತಿದ್ದ.

ನನಗೆ ಎಂಟು ವರ್ಷವಿದ್ದಾಗ, ಹೊಸಪೇಟೆಯ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಕಾಕಾ ಆಗಿನ್ನೂ ಹಳಿ ಹಾಕಲು ಶುರು ಮಾಡಿರಲಿಲ್ಲ. ರೈಲ್ವೆಯ ಅಧಿಕಾರಿಯೊಬ್ಬರು ತಮ್ಮ ಇಂಗ್ಲಿಷ್ ಪುಸ್ತಕವೊಂದನ್ನು ಒಂದು ಬೆಳಗಿನ ಮಟ್ಟಿಗೆ ಕೊಟ್ಟಿದ್ದರು; ಮಧ್ಯಾಹ್ನದ ಗಾಡಿಗೆ ಅದು ವಾಪಸು ಹೋಗಬೇಕು. ಪುಟ್ಟ ರೈಲಿನ ಹಳಿ ಎಷ್ಟು ಅಗಲವಿರಬೇಕೋ ಅಷ್ಟೇ ಅಗಲಕ್ಕೆ ಅದರಲ್ಲಿ ಚಿತ್ರ ಬಿಡಿಸಿದ್ದರು. ಕಾಕಾನ ಕೈಯೆಲ್ಲ ಗ್ರೀಸು. ಅಂಥ ಕೈಯಲ್ಲಿ ಪರರ ಪುಸ್ತಕ ಮುಟ್ಟುವುದು ಅವನ ಪಾಲಿಗೆ ಎಂಜಲು ಕೈಯಲ್ಲಿ ದೇವರನ್ನು ಮುಟ್ಟಿದಂತೆ. “ಗಿರಿಜಾ, ನಿನ್ನ ಕೈ ಸ್ವಚ್ಛ ಅದಾವು. ಹಳಿ ನಡುವಿನ ಅಗಲ ಅಳದು ಚೀಟ್ಯಾಗ ಬರದಿಡು” ಎಂದ. ನನ್ನ ಸ್ಕೇಲಿನ ಸೊನ್ನೆಯ ತುದಿ ಮುರಿದಿತ್ತು. ಹಾಗಾಗಿ ಒಂದರ ಗೆರೆಯಿಂದ ಅಳೆದೆ. ಆ ಒಂದನ್ನು ಆಮೇಲೆ ಕಳೆಯಬೇಕೆಂಬುದು ಹೊಳೆಯಲೇ ಇಲ್ಲ. ಸಿಸ್ಟರ್ ಕಲಿಸಿದ ದುಂಡು ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಕಾಕಾ ಅದನ್ನೇ ನಂಬಿ ಹಳಿ ಹಾಕಿದ. ಉಳಿದ ಅಳತೆಗಳನ್ನೆಲ್ಲ ನಮ್ಮೂರ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದ ಗಾಡಿಯನ್ನು ಕಣ್ಣಲ್ಲೇ ಅಳೆದು, ಆ ಅಗಲಕ್ಕೆ ಹೊಂದಿಸಿಕೊಂಡ.

ಎರಡು ವರ್ಷದ ಮೇಲೆ ಹರಪನಹಳ್ಳಿಯ ಡ್ರಾಯಿಂಗ್ ಮಾಸ್ತರು, ಅವರಿಗೂ ಇದೇ ಹುಚ್ಚು, ದೂರದಿಂದ ತರಿಸಿದ ಕಂಪನಿ ಬೋಗಿಯೊಂದನ್ನು ತಂದು ಕಾಕಾನ ಹಳಿಯ ಮೇಲಿಟ್ಟರು. ಅದು ಎರಡು ಹಳಿಗಳ ನಡುವೆ ಟಪ್ಪೆಂದು ಕೆಳಗೆ ಬಿತ್ತು. ನಾನು ಬಾಗಿಲ ಹತ್ತಿರ ನಿಂತಿದ್ದೆ; ಕಳೆಯದೆ ಬಿಟ್ಟ ಆ ಒಂದು ಆಗ ಹೊಳೆಯಿತು. ಕಾಕಾ ಬೋಗಿಯನ್ನು ನೋಡಿದ, ಗೋಡೆಯ ಚೀಟಿಯನ್ನು ನೋಡಿದ. ಚೀಟಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, “ಅಳತಿ ತಪ್ಪೀನ್ರಿ ಮಾಸ್ತರ. ಇರ್ರಿ, ನಿಮ್ಮ ಬೋಗಿಗೆ ಬ್ಯಾರೆ ಗಾಲಿ ಕಡದು ಕೊಡ್ತೀನಿ” ಎಂದ. ನನ್ನತ್ತ ನೋಡಲಿಲ್ಲ. ಅಂದಿನಿಂದ ಈ ಸುತ್ತಿನಲ್ಲಿ ಯಾರು ಪುಟ್ಟ ರೈಲು ಕಟ್ಟಿದರೂ ಗಾಲಿ ಕಾಕಾನದೇ. ಕೇಳುವ ಮೊದಲೇ ಕಡೆದಿಡುತ್ತಿದ್ದ. ಹೀಗಾಗಿ ಎಲ್ಲರೂ ಆ ಅಗಲ ಹಳಿಗೇ ಒಗ್ಗಿಹೋದರು. ಮಾಸ್ತರು ಮಾತ್ರ ಪ್ರತಿ ಭೇಟಿಯಲ್ಲೂ, “ಏನಪಾ, ಇವತ್ತರ ಸ್ಕೇಲು ನೆಟ್ಟಗ ಹಿಡದಿಯೇನು?” ಎಂದು ಕೆಣಕುತ್ತಿದ್ದರು. “ಹಿಡಿಯಾಕ ಬಂದ್ರಲ್ಲೇನ್ರಿ” ಎಂದು ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ನಾನು ಆ ನಗೆಯನ್ನು ಕೇಳುತ್ತಲೇ ಬೆಳೆದೆ, ಮದುವೆಯಾದೆ, ಬಾಯಿ ಬಿಡಲಿಲ್ಲ.

ರೈಲು ಒಯ್ಯಲು ಆ ದಿನ ಮಾಸ್ತರು ಕೊಟ್ಟೂರಿಗೆ ಬಂದಾಗ ಕೋಲು ಊರಿಕೊಂಡಿದ್ದರು. ಜೊತೆಗೆ ಹಂಪಸಾಗರದ ಬಡಗಿ ರಸೂಲ್ ಸಾಬರು. ರೈಲು ನಿಂತಿದ್ದ ಹಲಗೆಗಳೆಲ್ಲ ಅವರ ಕೈಯವು. ಹರಪನಹಳ್ಳಿಯ ಶಾಲೆಯೊಂದರ ಕೋಣೆಯಲ್ಲಿ ರೈಲನ್ನು ಮಕ್ಕಳಿಗಾಗಿ ಇಡುವುದೆಂದು ನಿಶ್ಚಯವಾಗಿತ್ತು. ಮಾಸ್ತರು ತಾವೇ ಬರೆದ ಹಲಗೆಯನ್ನು ಚೀಲದಿಂದ ತೆಗೆದು ನನಗೆ ತೋರಿಸಿದರು. ನೀಲಿ ಬಣ್ಣ, ಅಕ್ಷರಗಳು ಸೊಗಸಾಗಿದ್ದವು: ‘ಅಳತೆ ತಪ್ಪಿದ ಕೊಟ್ರಪ್ಪನವರ ರೈಲು’.

“ಹೆಂಗೈತವ್ವಾ? ಹುಡುಗ್ರು ಓದಿ ನಗಬೇಕು, ಅಂವ ನಕ್ಕಂಗ.”

ಅದು ಗೋಡೆಗೇರಿದರೆ ಮುಂದೆ ಬರುವ ಮಕ್ಕಳಿಗೆ ಕಾಕಾ ಅಷ್ಟೇ ಆಗಿ ಉಳಿಯುತ್ತಿದ್ದ. “ಮಾಸ್ತರ, ಆ ತಪ್ಪು ಕಾಕಾಂದಲ್ಲ, ನಂದು” ಎಂದೆ. ಸ್ಕೇಲಿನ ಮುರಿದ ತುದಿ, ಚೀಟಿ, ಅವನು ಅದನ್ನು ಜೇಬಿಗಿಟ್ಟುಕೊಂಡದ್ದು, ಎಲ್ಲವನ್ನೂ ಹೇಳಿದೆ. ನನ್ನ ದನಿ ಸಾಮಾನಿನ ಪಟ್ಟಿ ಓದಿದಂತಿತ್ತು.

ಮಾಸ್ತರು ಕಾಕಾನ ಸ್ಟೂಲಿನ ಮೇಲೆ ಕುಳಿತುಬಿಟ್ಟರು. “ಇಷ್ಟು ವರ್ಷ ಅಂವನ್ನ ಆಡಿಕೊಂಡೀನಲ್ಲ. ಒಮ್ಮ್ಯಾದ್ರೂ ಅನಬಾರದಿತ್ತೇನು ಅಂವ?”

“ನಮ್ಮೆಲ್ಲರ ಗಾಲಿ ಕಡದು ಕೊಟ್ಟಿದ್ದು ಇದಕ್ಕೇನ್ ಹಂಗಾರ!” ಎಂದರು ರಸೂಲ್ ಸಾಬರು. ಅಷ್ಟು ಹೇಳಿ ಹೊರಗೆ ಹೋಗಿ, ಎಲ್ಲಿಂದಲೋ ಸೀಮೆಎಣ್ಣೆಯ ಚಿಂದಿ ತಂದು ಮಾಸ್ತರ ಕೈಗೆ ಕೊಟ್ಟರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೊದಲ ಎರಡು ಪದಗಳನ್ನು ಮಾಸ್ತರು ಉಜ್ಜಿದರು. ನೀಲಿ ಹರಡಿ ಮೋಡದಂತೆ ಉಳಿಯಿತು.

“ಅಲ್ಲೇನರ ಬರೀತೀರೇನ್ರಿ ಮಾಸ್ತರ? ಜಾಗ ಬೋಳು ಕಾಣಸ್ತೈತಿ” ಎಂದರು ರಸೂಲ್ ಸಾಬರು.

“ಬ್ಯಾಡ. ಕಾಣಲಿ.”

ಹಲಗೆಗಳನ್ನು ಬಿಚ್ಚಿ, ಬೋಗಿಗಳನ್ನು ಒಂದೊಂದಾಗಿ ಪಂಚೆಯ ಚೂರುಗಳಲ್ಲಿ ಸುತ್ತಿ ಗಾಡಿಗೇರಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅವರು ಹೋದ ಮೇಲೆ ಖೋಲಿ ನಾನು ತಿಳಿದುದಕ್ಕಿಂತ ಸಣ್ಣದಿತ್ತು. ರೈಲಿನ ಮೇಜಿನ ಕಾಲುಗಳಿದ್ದ ಕಡೆ ನೆಲದ ಮೇಲೆ ಚೌಕಾಕಾರದ ಗುರುತು, ಕಿಟಕಿಯ ಅಂಚಿಗೆ ಬೆಸುಗೆಯ ಎರಡು ಬೆಳ್ಳಿ ಹನಿ. ಗುಡಿಸಿದೆ. ಹನಿಗಳು ಏಳಲಿಲ್ಲ, ಬಿಟ್ಟೆ.

ಬೀಗ ಹಾಕುವಾಗ ಪಕ್ಕದ ಮನೆಯ ಶಾಂತಕ್ಕ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು. “ಒಯ್ದ್ರೇನ್ರಿ ರೈಲು? ಪಾಪ, ಎಂಥಾ ಕೈ ರೀ ಅವ್ರದು. ನನ್ನ ಹೊಲಿಗಿ ಮಷಿನ್ನಿಗೆ ಕಡದು ಹಾಕಿದ ಸ್ಕ್ರೂ ಇನ್ನೂತನಕ ಒಂದಿನಾನೂ ಸಡ್ಲ ಆಗಿಲ್ಲ ನೋಡ್ರಿ” ಎಂದರು. ಸೀರೆಯೊಂದನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಒಳಗೆ ಹೋಗುತ್ತ ಹೋಗುತ್ತ ಅಂದರು:

“ಅಂಥಾರು ರೈಲಿನ ಅಳತಿ ಹೆಂಗ ತಪ್ತಾರ್ರೀ? ಯಾವರ ಸಣ್ಣ ಹುಡುಗ್ರ ಕೈಯಾಗ ಸ್ಕೇಲು ಕೊಟ್ಟಿರಬೇಕು, ಬಿಡ್ರಿ.”